ಕಡಲಿಗೆ ಹೊರಟ ಕ್ರೂಸರ್ ಬಂಧುಗಳಿಗೆ ಬಹಿರಂಗ ಪತ್ರ

ಶಹಾಪುರ, ಸುರಪುರ, ಹುಣಸಗಿ, ಯಾದಗಿರಿ ಕಡೆಯಿಂದ ಪ್ರತಿ ಚಳಿಗಾಲ ಗಾಡಿ ಕಟ್ಟಿಕೊಂಡು ಕರಾವಳಿಗೆ ಹೋಗುವ ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ, ಮಾಲೆ ಹಾಕಿದ ಸ್ವಾಮಿಗಳಿಗೆ, ಅವರೆಲ್ಲರನ್ನೂ ಕರೆದೊಯ್ಯುವ ಕ್ರೂಸರ್ ಮತ್ತು ಟೆಂಪೊ ಟ್ರಾವೆಲರ್ (ಟಿ.ಟಿ.) ಚಾಲಕರಿಗೆ ಭೀಮರಾಯನಗುಡಿಯಿಂದ ಶರಣು ಶರಣಾರ್ಥಿ.

ಸುತ್ತು ಬಳಸದೆ ಹೇಳುತ್ತೇನೆ. ಮಲ್ಪೆ, ಕಾಪು, ಮರವಂತೆ, ಮುರ್ಡೇಶ್ವರ, ಗೋಕರ್ಣದ ಕಡಲ ದಂಡೆಯ ಓಣಿಗಳಲ್ಲಿ, ಜನ ವಾಸವಿರುವ ಮನೆಗಳ ಮುಂದಿನ ರಸ್ತೆಯಲ್ಲಿ, ರಾತ್ರಿಯಿಡೀ ಗಾಡಿ ನಿಲ್ಲಿಸಿ ಮಲಗುವ, ಅಲ್ಲೇ ಒಲೆ ಹೂಡುವ, ನಸುಕಿನಲ್ಲಿ ಅಲ್ಲೇ ಆಸುಪಾಸು ಬಯಲಕಡೆ ಹೋಗುವ ನಮ್ಮ ರೂಢಿ ನಿಲ್ಲಬೇಕು. ಈ ಹಂಗಾಮಿನಲ್ಲೇ ನಿಲ್ಲಬೇಕು. ಆದರೆ ನಮ್ಮ ಪ್ರವಾಸ ನಿಲ್ಲಬಾರದು. ಈ ಎರಡೂ ಮಾತನ್ನು ಒಟ್ಟಿಗೇ ಹೇಳಲಿಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಹೊರದೇಶಗಳಲ್ಲಿ ಕ್ಯಾರವಾನ್ ಎಂಬ ಗಾಡಿಗಳಿವೆ. ಒಳಗೇ ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚದ ವ್ಯವಸ್ಥೆ ಎಲ್ಲವೂ ಇರುತ್ತದೆ. ಕೇರಳ ಸರ್ಕಾರ 2021ರಲ್ಲಿ ಇಂಥ ಗಾಡಿಗಳಿಗೆಂದೇ ಒಂದು ಯೋಜನೆ ತಂದಿತು. ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನಿನ ಮಾತು ಬರುತ್ತದೆ. ನಮ್ಮ ಸೀಮೆಯ ಕ್ಯಾರವಾನ್ ಮಾತ್ರ ಬೇರೆ. ಪುಣೆಯ ಫೋರ್ಸ್ ಕಂಪನಿ ಮಾಡುವ ಕ್ರೂಸರೇ ನಮಗೆ ಕ್ಯಾರವಾನ್. ಹತ್ತು-ಹನ್ನೆರಡು ಜನರ ಗಾಡಿಯಲ್ಲಿ ಹದಿನೈದು ಜನ, ಮೇಲೆ ಕ್ಯಾರಿಯರಿನಲ್ಲಿ ತಾಡಪಾಲು ಹೊದಿಸಿದ ಹಾಸಿಗೆ, ಜಮಖಾನ, ಪಾತ್ರೆ-ಪಡಗ, ಅಕ್ಕಿ ಚೀಲ, ನೀರಿನ ಕ್ಯಾನು, ಸಣ್ಣ ಸಿಲಿಂಡರು. ಬುತ್ತಿಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಮಲಗಲಿಕ್ಕೆ, ಉಣ್ಣಲಿಕ್ಕೆ ಬೇಕಾದ್ದೆಲ್ಲ ಈ ಗಾಡಿಯಲ್ಲಿದೆ. ಶೌಚಾಲಯ ಒಂದಿಲ್ಲ. ಮುಂದೆ ನಾನು ಹೇಳಲಿರುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ.

ಹೀಗೆ ಹೋಗುವವರನ್ನು ಹಗುರ ಮಾಡಿ ಮಾತಾಡುವವರ ಜೊತೆ ನಾನಿಲ್ಲ. ನಾನು ಭೀಮರಾಯನಗುಡಿ ಕ್ಯಾಂಪಿನಲ್ಲೇ ಬೆಳೆದವಳು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದವರ ಮಕ್ಕಳು ನಾವು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯಲ್ಲಿ, ಶಹಾಪುರ ಶಾಖಾ ಕಾಲುವೆಯಲ್ಲಿ ಬಂದ ನೀರನ್ನೇ ನಂಬಿ ಹತ್ತಿ, ಭತ್ತ, ಮೆಣಸಿನಕಾಯಿ ಬೆಳೆಯುವ ಮನೆಗಳನ್ನು ಹತ್ತಿರದಿಂದ ಕಂಡಿದ್ದೇನೆ. ಹತ್ತಿ ಬಿಡಿಸಿ, ಭತ್ತ ಮಾರಿ, ಸಾಲಗಾರನಿಗೆ ಕೊಡುವುದು ಕೊಟ್ಟು, ಕೈಯಲ್ಲಿ ಸ್ವಲ್ಪ ದುಡ್ಡು ಉಳಿದಾಗ ಎಪ್ಪತ್ತು ವರ್ಷದ ಅವ್ವನಿಗೆ ಒಮ್ಮೆ ಸಮುದ್ರ ತೋರಿಸಬೇಕು ಎಂದು ಮನೆಮಂದಿ ಹೊರಡುತ್ತಾರೆ. ಇಲ್ಲಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಗೋಕರ್ಣ ಮುಟ್ಟುವಷ್ಟರಲ್ಲಿ ನಾನೂರು ಕಿಲೋಮೀಟರ್ ದಾಟಿರುತ್ತದೆ. ಡಿಸೆಂಬರಿನಲ್ಲಿ ಹದಿನೈದು ಜನಕ್ಕೆ ಲಾಡ್ಜಿನ ಕೋಣೆ ಹಿಡಿಯಹೋದರೆ ಹೊರಟ ದುಡ್ಡು ಒಂದೇ ರಾತ್ರಿಗೆ ಕರಗುತ್ತದೆ. ಹಾಗಾಗಿ ಗಾಡಿಯೇ ಮನೆ, ರಸ್ತೆಯೇ ಅಂಗಳ ಆಗುತ್ತದೆ. ಬಡವರಿಗೆ ಕಡಲು ನೋಡುವ ಹಕ್ಕು ಇದೆ, ಕಡಿಮೆ ಖರ್ಚಿನಲ್ಲಿ ನೋಡುವ ಹಕ್ಕೂ ಇದೆ. ಇದನ್ನು ಯಾರ ಎದುರಿಗಾದರೂ ಹೇಳಲು ನಾನು ತಯಾರು.

ಇನ್ನೊಂದು ಮಾತೂ ನಿಮ್ಮ ಪರವಾಗಿಯೇ ಇದೆ. ಜಾತ್ರೆಯ ಬಿಡಾರ ನಮಗೆ ತಲೆಮಾರುಗಳಿಂದ ಬಂದದ್ದು. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ, ಕೃಷ್ಣೆಯ ದಂಡೆಗೆ ತಿಂಥಣಿ ಮೌನೇಶ್ವರನ ಜಾತ್ರೆ, ಯಾವುದಕ್ಕೆ ಹೋದರೂ ಚಕ್ಕಡಿ ಬಿಚ್ಚಿದ ಕಡೆ ಒಲೆ, ಒಲೆ ಹೂಡಿದ ಕಡೆ ಹಾಸಿಗೆ. ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ದಾರಿಯ ಊರುಗಳು ನೆರಳು ಕೊಡುತ್ತವೆ, ದಾಸೋಹ ಮಾಡುತ್ತವೆ. ಪರಸ್ಥಳದಿಂದ ಬಂದವನು ಇಳಿಯಲು ಜಾಗ ಕೇಳಿದರೆ ಇಲ್ಲ ಎನ್ನಬಾರದು ಎಂದು ನಮ್ಮ ಹಿರಿಯರು ಕಲಿಸಿದ್ದಾರೆ. ಅದಕ್ಕೇ ಎಲ್ಲಿ ಇಳಿದರೂ ನಡೆಯುತ್ತದೆ ಎಂಬ ಧೈರ್ಯ ನಮ್ಮ ಮೈಯಲ್ಲಿ ಸೇರಿಹೋಗಿದೆ.

ಆದರೆ ಜಾತ್ರೆಯಲ್ಲಿ ಇಡೀ ಊರು ಆತಿಥ್ಯಕ್ಕೆ ನಿಂತಿರುತ್ತದೆ. ಬಿಡಾರಕ್ಕೆಂದು ಬಯಲು ಬಿಟ್ಟಿರುತ್ತಾರೆ, ಐದು ದಿನ ಆದ ಮೇಲೆ ಅದು ಮುಗಿಯುತ್ತದೆ. ಕಡಲೂರಿನ ಓಣಿಗೆ ನಮ್ಮ ಜಾತ್ರೆ ವರ್ಷವಿಡೀ ಬರುತ್ತಿದೆ. ನವೆಂಬರಿನಿಂದ ಮಕರ ಜ್ಯೋತಿಯವರೆಗೆ ಮಾಲಾಧಾರಿಗಳು, ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಗಳು, ಏಪ್ರಿಲ್-ಮೇದಲ್ಲಿ ರಜೆಯವರು, ಶನಿವಾರ-ಭಾನುವಾರ ಎಲ್ಲರೂ. ನಮಗೆ ಅದು ಒಂದು ರಾತ್ರಿಯ ಮಾತು, ಅಲ್ಲಿಯ ಮನೆಯವರಿಗೆ ದಿನ ಬೆಳಗಾದರೆ ಹೊಸ ಗಾಡಿ.

ನಮ್ಮ ಊರು ಮತ್ತು ಅವರ ಊರಿನ ಕಟ್ಟೋಣವೇ ಬೇರೆ ಎಂಬುದನ್ನೂ ನಾವು ಗಮನಿಸುವುದಿಲ್ಲ. ನಮ್ಮಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ, ಊರು ಮುಗಿದರೆ ಬಟಾಬಯಲು. ಎಲ್ಲಿ ಮನೆ ಇಲ್ಲವೋ ಅಲ್ಲಿ ಜನವೂ ಇಲ್ಲ ಎಂದು ನಮ್ಮ ಕಣ್ಣಿಗೆ ಅಭ್ಯಾಸ. ಕರಾವಳಿಯಲ್ಲಿ ಹಾಗಿಲ್ಲ. ಅಲ್ಲಿ ಊರು ಚದುರಿ ಹರಡಿದೆ. ತೆಂಗಿನ ತೋಟದ ನಡುವೆ ಒಂದು ಮನೆ, ಕಲ್ಲಿನ ಪಾಗಾರದ ಹಿಂದೆ ಇನ್ನೊಂದು, ಗಾಳಿಮರಗಳ ಸಾಲಿನ ಆಚೆ ಮತ್ತೊಂದು. ರಾತ್ರಿ ಹತ್ತಕ್ಕೆ ದೀಪ ಆರಿದ ಮೇಲೆ ಹೋದವರಿಗೆ ಬರೀ ಮರ, ಮರಳು, ಕತ್ತಲು ಕಾಣುತ್ತದೆ. ‘ಇಲ್ಲಿ ಯಾರೂ ಇಲ್ಲ, ಇಲ್ಲೇ ನಿಂದ್ರಿಸು’ ಎನ್ನುತ್ತೇವೆ. ನಿಂತದ್ದು ಒಂದು ಮನೆಯ ಗೇಟಿನ ಎದುರು. ಆ ಓಣಿ ಒಂದೇ ಗಾಡಿ ಹೋಗುವಷ್ಟು ಅಗಲ, ಆ ಮನೆಗಳಿಗೆ ಬೇರೆ ದಾರಿಯೂ ಇಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ. ಮರವಂತೆಯಲ್ಲಿ ಸೌಪರ್ಣಿಕೆಗೂ ಕಡಲಿಗೂ ನಡುವೆ ಹೆದ್ದಾರಿ ಹೋಗುವುದನ್ನು ನೀವೇ ಕಂಡು ಬೆರಗಾಗಿದ್ದೀರಿ. ಅಷ್ಟೇ ಸಪೂರ ನೆಲದ ಮೇಲೆ ಅಲ್ಲಿ ಎಷ್ಟೋ ಸಂಸಾರಗಳು ಬದುಕುತ್ತಿವೆ.

ಆ ಓಣಿಗಳಲ್ಲಿ ಬೆಳಗು ಆಗುವುದು ನಮ್ಮ ಬೆಳಗಿನ ಹೊತ್ತಿಗಲ್ಲ. ಮೀನುಗಾರರ ಮನೆಯಲ್ಲಿ ನಸುಕಿನ ಮೂರು-ನಾಲ್ಕಕ್ಕೇ ದೀಪ ಹತ್ತುತ್ತದೆ. ನಾಡದೋಣಿ ಇಳಿಸುವವರು, ಬಲೆ ಹೊರುವವರು, ಬಂದರಿಗೆ ಹೋಗಿ ಮೀನು ಕೊಂಡು ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗುವ ಹೆಂಗಸರು, ಐಸು ತರುವ ಟೆಂಪೊ ಎಲ್ಲವೂ ಆ ಒಂದೇ ರಸ್ತೆಯಲ್ಲಿ ಹೋಗಬೇಕು. ಜೂನ್-ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಉಳಿದ ತಿಂಗಳುಗಳಲ್ಲೇ ಅವರ ವರ್ಷದ ಗಳಿಕೆ ಆಗಬೇಕು. ಕಾಲುವೆಗೆ ನೀರು ಬಿಡುವ ಸರದಿ ತಪ್ಪಿದರೆ ನಮ್ಮ ರೈತನಿಗೆ ಏನಾಗುತ್ತದೋ ಕಡಲಿಗಿಳಿಯುವ ಹೊತ್ತು ತಪ್ಪಿದರೆ ಅವರಿಗೆ ಅದೇ ಆಗುತ್ತದೆ. ಅಂಥ ಹೊತ್ತಿನಲ್ಲಿ ರಸ್ತೆಗೆ ಅಡ್ಡ ನಿಂತ ಗಾಡಿಯ ಚಾಲಕನನ್ನು ಎಬ್ಬಿಸಲು ಗಾಜು ಬಡಿಯಬೇಕಾದ ಮನುಷ್ಯನ ಸ್ಥಿತಿ ಯೋಚಿಸಿ.

ಈಗ ನೀರಿನ ಮಾತು. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ಕಡಲ ದಂಡೆಯ ಮನೆಗಳಲ್ಲಿ ಬಹುತೇಕ ಎಲ್ಲರಿಗೂ ಅಂಗಳದಲ್ಲೊಂದು ತೆರೆದ ಬಾವಿ ಇರುತ್ತದೆ. ನಮ್ಮ ಬೋರುಗಳ ಹಾಗೆ ನೂರಾರು ಅಡಿ ಆಳದ್ದಲ್ಲ. ಕೆಲವೇ ಅಡಿ ಅಗೆದರೆ ನೀರು. ಮಳೆಗಾಲದಲ್ಲಿ ಮರಳಿನೊಳಗೆ ಇಂಗಿದ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲಿ ನಿಂತಿರುತ್ತದೆ, ಅದನ್ನೇ ಅವರು ಸೇದಿ ಕುಡಿಯುತ್ತಾರೆ. ಬೇಸಿಗೆ ಏರಿದಂತೆ ಆ ಸಿಹಿನೀರು ತೆಳುವಾಗುತ್ತ ಹೋಗುತ್ತದೆ, ಎಷ್ಟೋ ಬಾವಿಗಳು ಉಪ್ಪಾಗುತ್ತವೆ. ಮರಳು ನಮ್ಮ ಎರೆಮಣ್ಣಿನಂತೆ ನೀರನ್ನು ಹಿಡಿದಿಡುವುದಿಲ್ಲ, ಮೇಲೆ ಬಿದ್ದದ್ದನ್ನು ಬೇಗ ಕೆಳಗೆ ಇಳಿಸುತ್ತದೆ. ಪಾಗಾರದ ಮರೆಯಲ್ಲಿ, ಗಾಳಿಮರದ ಬುಡದಲ್ಲಿ ನಾವು ಮಾಡಿ ಬರುವ ಹೊಲಸು ಅವರು ಕುಡಿಯುವ ನೀರಿನಿಂದ ಬಹಳ ದೂರವೇನಿಲ್ಲ. ಒಂದು ಮನೆಯವರು ಒಂದು ದಿನ ಮಾಡಿದ್ದಾದರೆ ನೆಲ ತಡೆದುಕೊಂಡೀತು. ಹಂಗಾಮಿಡೀ ದಿನಕ್ಕೆ ಹತ್ತಾರು ಗಾಡಿಯವರು ಮಾಡಿದರೆ ತಡೆಯುವುದಿಲ್ಲ.

ಕೆಟ್ಟ ನೀರು ಅಂದರೇನೆಂದು ಯಾದಗಿರಿ ಜಿಲ್ಲೆಯವರಿಗೆ ಯಾರೂ ತಿಳಿಸಿ ಹೇಳಬೇಕಿಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ವಿಷ ಇದೆಯೆಂದು ಗೊತ್ತಾದಾಗ ಅಲ್ಲಿಯ ಜನ ಪಟ್ಟ ಪಾಡು ನಮಗೆ ಗೊತ್ತು. 2023ರ ಫೆಬ್ರವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ವಾಂತಿ-ಭೇದಿ ಹತ್ತಿ ಜನ ತೀರಿಕೊಂಡರು, ಎಷ್ಟೋ ಮಂದಿ ಆಸ್ಪತ್ರೆ ಸೇರಿದರು. ಆ ಸಂಕಟವನ್ನು ಕಣ್ಣಾರೆ ಕಂಡ ಜಿಲ್ಲೆಯವರು ನಾವು. ಬೇರೆಯವರ ಬಾವಿಯ ಪಕ್ಕದಲ್ಲಿ ಕೂರುವ ಮೊದಲು ನಮಗೆ ಅದು ನೆನಪಾಗಬೇಕು.

ನನ್ನ ಮಗಳು-ಅಳಿಯ ನೌಕರಿಯ ಸಲುವಾಗಿ ಉಡುಪಿ ಕಡೆ, ಕಡಲಿಗೆ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿದ್ದಾರೆ. ಬಾಣಂತನಕ್ಕೆಂದು ಅಲ್ಲಿ ಹೋಗಿ ಇದ್ದಾಗ ಒಂದು ರಾತ್ರಿ ಕೂಸಿಗೆ ಜ್ವರ ಏರಿತು. ಕಾರು ಹೊರಗೆ ತೆಗೆಯಲು ಗೇಟು ತೆರೆದರೆ ಅಡ್ಡಲಾಗಿ ಒಂದು ಗಾಡಿ. ನಂಬರ್ ಪ್ಲೇಟಿನಲ್ಲಿ ಕೆಎ 33. ಒಳಗಿದ್ದವರು, ಪಕ್ಕದಲ್ಲಿ ಜಮಖಾನ ಹಾಸಿ ಮಲಗಿದ್ದವರು ಎಲ್ಲ ನಮ್ಮ ಕಡೆಯವರೇ. ಎಬ್ಬಿಸಿದಾಗ ಒಳ್ಳೆಯ ಮಾತೇ ಆಡಿದರು, ‘ಯವ್ವಾ, ಗೊತ್ತಾಗಲಿಲ್ರಿ’ ಎಂದು ಕೈಮುಗಿದರು, ಗಂಡಸರೆಲ್ಲ ಸೇರಿ ಗಾಡಿ ಹಿಂದೆ ತಳ್ಳಿದರು. ಕೂಸು ಹುಷಾರಾಯಿತು. ಆದರೆ ಬೆಳಿಗ್ಗೆ ಓಣಿಯ ಹೆಂಗಸರು ಚರಂಡಿಯಲ್ಲಿ ಸುರಿದ ಅನ್ನ, ಎಣ್ಣೆ ಪಾಕೀಟು, ಎಲೆಗಳನ್ನು ಬಳಿಯುತ್ತ ‘ಇವರು ಘಟ್ಟದ ಮೇಲಿನವರು, ಇಷ್ಟೇ’ ಎಂದು ಆಡಿಕೊಂಡ ಮಾತು ನನ್ನ ಕಿವಿಯಲ್ಲಿ ಉಳಿದಿದೆ. ರಾತ್ರಿ ನಮಗೆ ಕೈಮುಗಿದ ಆ ಸಭ್ಯ ಜನ ಇವರೇ ಎಂದು ಅವರಿಗೆ ಹೇಗೆ ಹೇಳಲಿ? ಅವರು ಕಂಡದ್ದು ಚರಂಡಿ ಮಾತ್ರ.

ಈ ಮಾತಿನ ಬೆಲೆ ತೆರುವವರು ಪ್ರವಾಸಿಗಳಲ್ಲ. ಉಡುಪಿ, ಮಣಿಪಾಲ, ಮಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ, ಗಾರೆ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಹೋದವರು ನಮ್ಮ ತಾಲ್ಲೂಕುಗಳ ಎಷ್ಟು ಮನೆಗಳಲ್ಲಿಲ್ಲ! ವರ್ಷದ ಎಂಟು-ಹತ್ತು ತಿಂಗಳು ಅಲ್ಲೇ ದುಡಿಯುವ ಅವರು ಬಾಡಿಗೆಗೆ ಒಂದು ಕೋಣೆ ಕೇಳಿಕೊಂಡು ಹೋದಾಗ ಮನೆಯವರು ಮೊದಲು ಕೇಳುವುದೇ ಯಾವ ಊರು ಎಂದು. ನಾವು ಒಂದು ರಾತ್ರಿ ಬಿಟ್ಟುಬಂದ ಹೆಸರಿನ ಮೇಲೆ ಅವರಿಗೆ ಉತ್ತರ ಸಿಗುತ್ತದೆ.

ಚಾಲಕ ತಮ್ಮಂದಿರೇ, ಇನ್ನು ನಿಮ್ಮ ಜೀವದ ಮಾತು. ರಸ್ತೆ ಬದಿಯಲ್ಲಿ ನಿಂತ ಗಾಡಿ ಎಂಥ ಅಪಾಯ ಎಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟಿ.ಟಿ. ಬಡಿದು, ದೇವರಿಗೆ ಹೋಗಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ 13 ಜನ ಸತ್ತರು. 2025ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸಿನಲ್ಲಿ, ಕಲಬುರಗಿಯ ದರ್ಗಾಕ್ಕೆ ಹೊರಟಿದ್ದ ಬಾಗಲಕೋಟೆಯ ಐವರು ಹಾಗೆಯೇ ನಿಂತ ಲಾರಿಗೆ ಬಡಿದು ಹೋದರು. ಕತ್ತಲಲ್ಲಿ ದೀಪವಿಲ್ಲದೆ ನಿಂತ ಗಾಡಿ ಒಳಗೆ ಮಲಗಿದವರನ್ನೂ ಹಿಂದಿನಿಂದ ಬರುವವರನ್ನೂ ಒಟ್ಟಿಗೆ ಸಾವಿನ ಬಾಯಿಗೆ ಒಡ್ಡುತ್ತದೆ. ಕರಾವಳಿಯ ಹೆದ್ದಾರಿ 66ರ ಅಂಚಿನಲ್ಲಿ ಮಕ್ಕಳನ್ನು ಗಾಡಿಯಲ್ಲಿ ಮಲಗಿಸುವ ಮುಂಚೆ ಇದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ.

ಮಳೆಗಾಲದಲ್ಲಂತೂ ಅಲ್ಲಿ ಗುಡ್ಡದ ಬುಡದಲ್ಲಿ ನಿಲ್ಲಲೇಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದಾಗ ಹೆದ್ದಾರಿ ಬದಿಯ ಚಹದಂಗಡಿ, ಅದರ ಮನೆಯವರು, ಅಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದ ಚಾಲಕರು ಮಣ್ಣಿನಡಿ ಸೇರಿದರು. ಕೇರಳದ ಒಬ್ಬ ಲಾರಿ ಚಾಲಕನ ಶವ ಲಾರಿಯ ಸಮೇತ ಗಂಗಾವಳಿ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ನಮ್ಮ ಸಪಾಟು ನೆಲದವರಿಗೆ ಗುಡ್ಡದ ಮಣ್ಣಿನ ಸ್ವಭಾವ ತಿಳಿಯುವುದಿಲ್ಲ.

ಸಿಲಿಂಡರಿನ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾದೀತು. 2023ರ ಆಗಸ್ಟ್‌ನಲ್ಲಿ ಮದುರೈ ನಿಲ್ದಾಣದ ಹತ್ತಿರ ನಿಲ್ಲಿಸಿಟ್ಟಿದ್ದ ಯಾತ್ರಿಕರ ರೈಲು ಬೋಗಿಯಲ್ಲಿ, ಕದ್ದು ಒಯ್ದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ಸುಟ್ಟು ಸತ್ತರು. 2024ರ ಡಿಸೆಂಬರಿನಲ್ಲಿ ನಮ್ಮದೇ ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಮಲಗಿದ್ದ ಮಾಲಾಧಾರಿಗಳ ಕೋಣೆಯಲ್ಲಿ ಅನಿಲ ಸೋರಿ ಬೆಂಕಿ ಹತ್ತಿತು. ಒಂಬತ್ತು ಜನರಲ್ಲಿ ಎಂಟು ಮಂದಿ ಒಬ್ಬೊಬ್ಬರಾಗಿ ತೀರಿಕೊಂಡರು. ಅದೇ ತಿಂಗಳು ಕೇರಳದ ವಡಗರದಲ್ಲಿ ಹೆದ್ದಾರಿ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಎ.ಸಿ. ಹಾಕಿ ಮಲಗಿದ್ದ ಇಬ್ಬರು ಜನರೇಟರಿನ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಒಳಸೇರಿ ಸತ್ತರು. ಆ ಅನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಗಾಡಿಯ ಕಿಟಕಿ ಮುಚ್ಚಿ ಇಂಜಿನ್ ಚಾಲೂ ಇಟ್ಟು ಮಲಗಬೇಡಿ. ಸಿಲಿಂಡರನ್ನು ಜನ ಮಲಗುವ ಕಡೆ ಇಡಬೇಡಿ.

ದಂಡೆಯಲ್ಲೇ ಮಲಗಿದವರು ಎದ್ದೊಡನೆ ನೇರ ನೀರಿಗೆ ಇಳಿಯುತ್ತಾರೆ. ಆ ಹೊತ್ತಿನಲ್ಲಿ ಜೀವರಕ್ಷಕರು ಬಂದಿರುವುದಿಲ್ಲ. ಕೆರೆ, ಕಾಲುವೆಯಲ್ಲಿ ಈಜಿದವರಿಗೆ ಕಡಲಿನ ಸೆಳೆತ ಗೊತ್ತಿರುವುದಿಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಮುಳಬಾಗಿಲಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದದ್ದು ಹಗಲಿನಲ್ಲಿ, ಅಷ್ಟು ಜನರ ನಡುವೆ. ನಸುಕಿನ ಕಡಲು ಇನ್ನೆಷ್ಟು ಅಪಾಯ ಎಂದು ನೀವೇ ಅಂದಾಜು ಮಾಡಿ.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿಗಾಗಿ ಒಂದೆರಡು ಸಾಲು. ಬೇರೆಯವರ ಜಾಗದ ಬಾಗಿಲಿಗೆ, ಫುಟ್‌ಪಾತಿನ ಮೇಲೆ ಗಾಡಿ ನಿಲ್ಲಿಸಬಾರದೆಂದು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಹೇಳುತ್ತದೆ. ನಿಲ್ಲಿಸಬಾರದ ಕಡೆ ನಿಲ್ಲಿಸಿದ ಗಾಡಿಯನ್ನು, ಸಾರ್ವಜನಿಕ ಜಾಗದಲ್ಲಿ ಹತ್ತು ತಾಸು ಬಿಟ್ಟುಹೋದ ಗಾಡಿಯನ್ನು ಎಳೆಸಲು 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮು ಪೊಲೀಸರಿಗೆ ಅಧಿಕಾರ ಕೊಟ್ಟಿದೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಹಳೆಯ ದಂಡ ಸಂಹಿತೆಯಲ್ಲಿ ಇನ್ನೂರು ರೂಪಾಯಿ ಇದ್ದ ದಂಡ, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ಸಾವಿರದವರೆಗೆ ಏರಿದೆ. ನಾನು ಹೆದರಿಸಲು ಹೇಳುತ್ತಿಲ್ಲ. ದಂಡ ಕಟ್ಟುವುದು ಕೊನೆಗೆ ಬಾಡಿಗೆ ಗಾಡಿಯ ಚಾಲಕ, ಅವನ ಒಂದು ವಾರದ ಗಳಿಕೆ ಅದರಲ್ಲಿ ಹೋಗುತ್ತದೆ.

ನನಗೆ ದಂಡಕ್ಕಿಂತ ಹೆಚ್ಚು ಹೆದರಿಕೆ ಇರುವುದು ಬೋರ್ಡುಗಳ ಬಗ್ಗೆ. ಗೋವಾ 2019ರಲ್ಲೇ ತನ್ನ ಕಾಯ್ದೆ ತಿದ್ದಿ, ಪ್ರವಾಸಿ ಜಾಗಗಳಲ್ಲಿ ಬಯಲಲ್ಲಿ ಅಡುಗೆ ಮಾಡಿದರೆ ಒಬ್ಬರಿಗೆ ಎರಡು ಸಾವಿರ, ಗುಂಪಿಗೆ ಹತ್ತು ಸಾವಿರ ರೂಪಾಯಿ ದಂಡ ಇಟ್ಟಿತು. ಇಂಗ್ಲೆಂಡಿನ ಸ್ಕಾರ್ಬರೊ ಎಂಬ ಕಡಲೂರಿನಲ್ಲಿ ನಿವಾಸಿಗಳ ದೂರು ಹೆಚ್ಚಿ, ದಂಡೆಯ ರಸ್ತೆಗಳಲ್ಲಿ ರಾತ್ರಿ ಮಲಗುವ ಗಾಡಿಗಳಿಗೆ ನಿರ್ಬಂಧ ಬಂತು. ನ್ಯೂಜಿಲೆಂಡ್ 2011ರಲ್ಲಿ ಬಯಲು ಬಿಡಾರಕ್ಕೆ ಕಾಯ್ದೆ ಮಾಡಿಕೊಂಡು, 2023ರಲ್ಲಿ ಅದನ್ನು ಬಿಗಿ ಮಾಡಿತು. ಅಲ್ಲೀಗ ಸ್ಥಳೀಯ ಆಡಳಿತದ ಜಾಗದಲ್ಲಿ ಗಾಡಿಯೊಳಗೆ ಮಲಗಬೇಕಾದರೆ, ಬೇರೆ ಅವಕಾಶ ಕೊಟ್ಟಿರದ ಕಡೆ, ಆ ಗಾಡಿಯಲ್ಲಿ ಕದಲದಂತೆ ಕೂರಿಸಿದ ಶೌಚಾಲಯ ಇರಲೇಬೇಕು. ಶ್ರೀಮಂತ ದೇಶದವರ, ಎಲ್ಲ ಸೌಕರ್ಯದ ಗಾಡಿಗಳಿಗೇ ಈ ಕಟ್ಟಳೆ. ನಾಳೆ ನಮ್ಮ ಕರಾವಳಿಯ ಪಂಚಾಯಿತಿಗಳು ಬೇಸತ್ತು ‘ಹೊರಗಿನ ಗಾಡಿಗಳಿಗೆ ಪ್ರವೇಶವಿಲ್ಲ’ ಎಂದು ಸರಪಳಿ ಕಟ್ಟಿದರೆ ಯಾರ ಗಾಡಿ ಹೊರಗೆ ಉಳಿಯುತ್ತದೆ? ರೆಸಾರ್ಟಿನಲ್ಲಿ ಕೋಣೆ ಕಾದಿರಿಸಿದವನ ಕಾರು ಒಳಗೆ ಹೋಗುತ್ತದೆ. ಅವ್ವನನ್ನು ಕರೆತಂದವನ ಕ್ರೂಸರ್ ಸರಪಳಿಯ ಈಚೆ ನಿಲ್ಲುತ್ತದೆ. ನಮ್ಮ ರೂಢಿಯನ್ನು ನಾವೇ ತಿದ್ದಿಕೊಳ್ಳದಿದ್ದರೆ ಕಡಲು ದುಡ್ಡಿದ್ದವರದಾಗುತ್ತದೆ.

ಹಾಗಾದರೆ ಎಲ್ಲಿ ಮಲಗಬೇಕು? ನ್ಯಾಯವಾದ ಪ್ರಶ್ನೆ. ರಾತ್ರಿಯಿಡೀ ನಿದ್ದೆಗೆಟ್ಟು ಗಾಡಿ ಓಡಿಸು ಎಂದು ನಾನು ಯಾವ ಚಾಲಕನಿಗೂ ಹೇಳಲಾರೆ. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ ಎಂಟು ತಾಸಿನ ಕೆಲಸ ಎಂದು 1961ರಲ್ಲೇ ಕಾಯ್ದೆ ಆಗಿತ್ತು. ಬಾಡಿಗೆ ಹಿಡಿದವರು ಚಾಲಕನ ನಿದ್ದೆಯನ್ನು ಪ್ರವಾಸದ ಖರ್ಚಿನಲ್ಲೇ ಲೆಕ್ಕ ಹಾಕಬೇಕು. ನಾಲ್ಕು ದಿನದಲ್ಲಿ ಹತ್ತು ಕ್ಷೇತ್ರ ಮುಗಿಸುವ ಹಟ ಬಿಟ್ಟು ಐದು ಕ್ಷೇತ್ರ ನೋಡಿದರೆ ರಾತ್ರಿಗೆ ಸರಿಯಾದ ಊರು ಮುಟ್ಟಬಹುದು.

ಧರ್ಮಸ್ಥಳದಲ್ಲಿ, ಕೊಲ್ಲೂರಿನಲ್ಲಿ ಕಡಿಮೆ ಬಾಡಿಗೆಯ ವಸತಿಗೃಹಗಳಿವೆ. ಉಡುಪಿಯಲ್ಲಿ ಮಠದ ಹತ್ತಿರ ರಾಜಾಂಗಣದ ಪಾರ್ಕಿಂಗಿನಲ್ಲಿ ಯಾತ್ರಿಕರ ಬಸ್ಸುಗಳು ನಿಲ್ಲುತ್ತವೆ. ರಾತ್ರಿಯನ್ನು ಕ್ಷೇತ್ರದಲ್ಲಿ ಕಳೆದು ಹಗಲಿನಲ್ಲಿ ಕಡಲಿಗೆ ಹೋಗುವ ಹಾಗೆ ದಾರಿ ಹಾಕಿಕೊಳ್ಳಿ. ಸಮುದ್ರ ಹಗಲಿನಲ್ಲೇ ಚೆಂದ, ಹಗಲಿನಲ್ಲೇ ಸುರಕ್ಷಿತ. ಕಾಸರಕೋಡು ಮತ್ತು ಪಡುಬಿದ್ರಿಯ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ಶೌಚಾಲಯ, ಜೀವರಕ್ಷಣೆಯ ವ್ಯವಸ್ಥೆ ಇದ್ದರೇ ಆ ಮನ್ನಣೆ ಸಿಗುವುದು. ಹೆಂಗಸರು, ಮುದುಕರು ಜೊತೆಗಿದ್ದರೆ ಅಂಥ ಕಡೆಗೇ ಮೊದಲು ಹೋಗಿ.

ಏನೂ ಸಿಗದೆ ದಾರಿಯಲ್ಲಿ ರಾತ್ರಿಯಾದರೆ ದೀಪ ಹತ್ತಿರುವ, ಶೌಚಾಲಯ ಇರುವ ಪೆಟ್ರೋಲ್ ಬಂಕಿನವರನ್ನು ಕೇಳಿ. ಅಲ್ಲಿ ಮಾತ್ರ ಒಲೆ ಹಚ್ಚಬಾರದು ಎಂಬುದನ್ನು ಮರೆಯಬೇಡಿ. ಬಸ್ ನಿಲ್ದಾಣದ ಹತ್ತಿರ, ದೇವಸ್ಥಾನದ ಅಂಗಳದಲ್ಲಿ, ಕಲ್ಯಾಣ ಮಂಟಪದಲ್ಲಿ ಕೇಳಿ. ಕೇಳಿ ಎಂಬುದೇ ನನ್ನ ಇಡೀ ಪತ್ರದ ಮಾತು. ನಮ್ಮ ಹಿರಿಯರು ಜಾತ್ರೆಯ ದಾರಿಯಲ್ಲಿ ಯಾರದೋ ಕಣದಲ್ಲಿ ಇಳಿಯುವ ಮುಂಚೆ ಒಡೆಯನನ್ನು ಕೇಳಿಯೇ ಇಳಿಯುತ್ತಿದ್ದರು. ಇಳಿದ ಮೇಲೆ ಕಸ ಬಳಿದು, ಒಲೆಯ ಬೂದಿ ಮುಚ್ಚಿ ಹೋಗುತ್ತಿದ್ದರು. ಕ್ರೂಸರ್ ಬಂದ ಮೇಲೆ ನಾವು ಬಿಟ್ಟದ್ದು ಆ ಕೇಳುವ ಪದ್ಧತಿಯನ್ನು.

ಹೆಣ್ಣುಮಕ್ಕಳ ಪರವಾಗಿ ಗಂಡಸರಿಗೆ ಒಂದು ಮಾತು ಹೇಳಲೇಬೇಕು. ರಸ್ತೆಯ ಬದಿ ಗಾಡಿ ನಿಲ್ಲಿಸಿದ ರಾತ್ರಿ ನಿಮ್ಮ ಹೆಂಡತಿ, ತಾಯಿ, ಮಗಳು ಎಷ್ಟು ನೀರು ಕುಡಿದರು ಎಂದು ಒಮ್ಮೆ ಕೇಳಿ ನೋಡಿ. ಕುಡಿದಿರುವುದಿಲ್ಲ. ಕತ್ತಲಲ್ಲಿ ಎದ್ದು ಹೋಗಬೇಕಾದೀತೆಂಬ ಅಂಜಿಕೆಗೆ ಸಂಜೆಯಿಂದಲೇ ಬಾಯಿ ಕಟ್ಟಿಕೊಂಡು ಕೂತಿರುತ್ತಾರೆ. ಸಮುದ್ರ ನೋಡಲು ಕರೆದುಕೊಂಡು ಹೋಗಿ ಅವರನ್ನು ಬಾಯಾರಿಸಿ ಮಲಗಿಸುವುದು ಯಾವ ಪ್ರವಾಸ? ಶೌಚಾಲಯ ಇರುವ ಕಡೆಯೇ ಗಾಡಿ ನಿಲ್ಲಬೇಕೆಂದು ಅವರು ಹಟ ಹಿಡಿಯಲಿ, ನೀವು ಕೇಳಿ.

ಕರಾವಳಿಯ ಪಂಚಾಯಿತಿ, ಪುರಸಭೆಗಳವರು ಈ ಪತ್ರ ಓದಿದರೆ ಅವರಲ್ಲೂ ನನ್ನದೊಂದು ಕೋರಿಕೆ ಇದೆ. ಬೇಡ ಎಂಬ ಬೋರ್ಡು ಹಾಕುವ ಮೊದಲು ಮನೆಗಳಿಂದ ದೂರ ಒಂದು ಬಯಲು ತೋರಿಸಿ. ನಾಲ್ಕು ದೀಪ, ನಲ್ಲಿ ನೀರು, ಹೆಂಗಸರಿಗೆ-ಗಂಡಸರಿಗೆ ಶೌಚಾಲಯ, ಒಲೆ ಹೂಡಲು ಒಂದು ಕಟ್ಟೆ, ಕಸದ ತೊಟ್ಟಿ ಇರಲಿ. ಗಾಡಿಗೆ ಇಷ್ಟು ಎಂದು ಚೀಟಿ ಹರಿಯಿರಿ. ಜಾತ್ರೆಯಲ್ಲಿ ಗಾಡಿ ನಿಲ್ಲಿಸಲು ದುಡ್ಡು ಕೊಟ್ಟು ರೂಢಿಯಿರುವ ಜನ ನಾವು, ಕೊಡುತ್ತೇವೆ. ಕ್ಯಾರವಾನ್ ಪ್ರವಾಸೋದ್ಯಮದ ಹೆಸರಿನಲ್ಲಿ ದುಡ್ಡಿದ್ದವರ ಗಾಡಿಗಳಿಗೆ ಜಾಗ ಮಾಡುವ ಸರ್ಕಾರ ಹದಿನೈದು ಜನರ ಕ್ರೂಸರಿಗೂ ಜಾಗ ಮಾಡಬೇಕು.

ಅಲ್ಲಿಯವರೆಗೆ ಕೆಲಸ ನಮ್ಮದೇ. ಶಹಾಪುರ, ಸುರಪುರದ ಗಾಡಿ ಸ್ಟ್ಯಾಂಡುಗಳಲ್ಲಿ ಚಾಲಕರು ಕೂತು ಮಾತಾಡಿ, ಯಾವ ಊರಿನಲ್ಲಿ ರಾತ್ರಿ ಎಲ್ಲಿ ನಿಲ್ಲಬಹುದು ಎಂಬುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿ. ಕರಾವಳಿಯ ದಾರಿ ತುಳಿದು ಅನುಭವ ಇರುವ ಹಿರಿಯ ಚಾಲಕರು ಹೊಸಬರಿಗೆ ತಿಳಿಸಿ. ಮಾಲೆ ಹಾಕುವ ಗುರುಸ್ವಾಮಿಗಳು ಇರುಮುಡಿ ಕಟ್ಟುವ ದಿನವೇ ಈ ಮಾತನ್ನು ತಮ್ಮ ಸ್ವಾಮಿಗಳಿಗೆ ಹೇಳಲಿ. ಪ್ರವಾಸ ಹೊರಡಿಸುವ ಮೇಷ್ಟ್ರುಗಳು ರಾತ್ರಿಯ ವಸತಿ ಗೊತ್ತು ಮಾಡಿಕೊಳ್ಳದೆ ಮಕ್ಕಳನ್ನು ಗಾಡಿ ಹತ್ತಿಸಬಾರದು.

ಈ ಸಲ ನೀವು ಹೊರಡುವ ಮುಂಚೆ ರಾತ್ರಿಯ ಜಾಗಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ. ಯಾರ ಗೇಟಿನ ಮುಂದೆಯೂ ಗಾಡಿ ನಿಲ್ಲಿಸಬೇಡಿ. ಯಾರ ಬಾವಿಯ ಹತ್ತಿರವೂ ಹೊಲಸು ಮಾಡಬೇಡಿ. ಅವ್ವನಿಗೆ ಸಮುದ್ರ ತೋರಿಸಿ ಎಲ್ಲರೂ ಸುಖವಾಗಿ ಊರಿಗೆ ಬನ್ನಿ.

ಇಂತಿ,
ನಿಮ್ಮ ಅಕ್ಕ
ಭೀಮರಾಯನಗುಡಿ, ಶಹಾಪುರ ತಾಲ್ಲೂಕು